ಹತ್ತೊಂಬತ್ತು ಸಲ ಕರಾವಳಿ, ಒಮ್ಮೆಯೂ ಕಾಲು ತೋಯಲಿಲ್ಲ

ಬೆಳಗಿನ ಐದೂಕಾಲು. ಭಾಲ್ಕಿ ರೈಲು ನಿಲ್ದಾಣದ ಕಡೆಯ ಓಣಿಯೊಂದರಲ್ಲಿ ಎಲ್ಲ ಮನೆಗಳೂ ಇನ್ನೂ ಮಲಗಿವೆ. ಒಂದು ಅಂಗಳದಲ್ಲಿ ಮಾತ್ರ ಮೂರು ಒಲೆ ಉರಿಯುತ್ತಿವೆ. ಮೂರರ ಮೇಲೂ ಒಂದೇ ಅಳತೆಯ ಚಿಕ್ಕ ಪಾತ್ರೆ. ಅರವತ್ತೊಂದು ವರ್ಷದ ಗಿರಿಜಾಬಾಯಿ ಪ್ರತಿಯೊಂದಕ್ಕೂ ಒಂದು ಹಿಡಿ ತೊಗರಿ ಬೇಳೆ ಹಾಕುತ್ತಾರೆ. ಬೇಳೆ ಒಂದೇ ಹೊಲದ್ದು, ನೀರು ಮಾತ್ರ ಬೇರೆ ಬೇರೆ. ಮೊದಲ ಪಾತ್ರೆಯಲ್ಲಿರುವುದು ಮೈಸೂರಿನ ನೀರು, ಎರಡನೆಯದರಲ್ಲಿ ಚಿತ್ರದುರ್ಗದ್ದು, ಮೂರನೆಯದರಲ್ಲಿ ಉತ್ತರ ಕನ್ನಡದ ಕಡಲ ಕಡೆಯ ಒಂದು ಬಾವಿಯದು. ಪ್ರವಾಸದ ಬಸ್ಸಿನ ಚಾಲಕ ಮುನೀರೋದ್ದೀನ ಹೋದ ಊರಿನಿಂದೆಲ್ಲ ಬಾಟಲಿಗಳಲ್ಲಿ ಹಿಡಿದು ತಂದುಕೊಟ್ಟದ್ದು.

ಉಪ್ಪಿಲ್ಲ, ಅರಿಸಿನವಿಲ್ಲ. ಗಿರಿಜಾಬಾಯಿ ಆಗಾಗ ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕುತ್ತಾರೆ, ಮುಂದಿನ ಪಾತ್ರೆಗೆ ಹೋಗುತ್ತಾರೆ. ಔರಾದ ತಾಲ್ಲೂಕಿನ ನಲವತ್ತಾರು ಜನ ಬರುವ ಜನವರಿಯಲ್ಲಿ ನಮ್ಮ ಈ ಉದ್ದನೆಯ ರಾಜ್ಯದ ಯಾವ ಊರು, ಯಾವ ತೋಟ, ಯಾವ ದಂಡೆ ನೋಡಬೇಕು ಎಂಬುದು ಈ ಬೇಳೆ ಬೆಂದ ಮೇಲೆ ನಿಶ್ಚಯವಾಗುತ್ತದೆ.

"ಉಪ್ಪ ನೀರಾಗ ಬ್ಯಾಳಿ ಹಂಗೇ ಇರ್ತದ್ರಿ, ಎಷ್ಟ್ ಉರಿ ಕೊಟ್ರೂ ಒಡಿಯಾಂಗಿಲ್ಲ" ಎನ್ನುತ್ತಾರೆ. "ಮಂದಿ ದಿನಾ ಎಲ್ಲ ತಿರಗಾಡಿ ಬಂದು ಊಟಕ್ಕ ಕುಂತಾಗ ಬ್ಯಾಳಿ ಹಲ್ಲಿಗಿ ಹತ್ತಿದ್ರ, ನೋಡಿದ್ದೆಲ್ಲಾ ಮರೀತಾರ. ಅದೊಂದೇ ನೆಪ್ಪ ಇಡ್ತಾರ."

ಗಿರಿಜಾಬಾಯಿ ಪ್ರವಾಸದ ಬಸ್ಸಿನ ಅಡುಗೆಯವರು. ಇಪ್ಪತ್ತೆರಡು ವರ್ಷಗಳಿಂದ ತೊಗರಿ ರಾಶಿ ಮುಗಿದ ಕೂಡಲೇ ಇವರ ತಿರುಗಾಟ ಶುರು. ಬೀದರಿನಿಂದ ಹೊರಡುವ ಬಸ್ಸು ಭಾಲ್ಕಿ, ಔರಾದದ ಹಳ್ಳಿಗಳ ಜನರನ್ನು ತುಂಬಿಕೊಂಡು ಐದಾರು ದಿನ ರಾಜ್ಯ ಸುತ್ತಿ ಬರುತ್ತದೆ. ಔರಾದದವರಿಗೆ ನಾಂದೇಡ, ಹೈದರಾಬಾದು ನೆರೆಮನೆ ಇದ್ದಂತೆ. ತಮ್ಮದೇ ರಾಜ್ಯದ ಕಡಲು ಮಾತ್ರ ಆರೇಳುನೂರು ಕಿಲೋಮೀಟರ್ ದೂರ. ನಮ್ಮ ಜಿಲ್ಲೆಯನ್ನು ಕರ್ನಾಟಕದ ಕಿರೀಟ ಎಂದು ಭಾಷಣಗಳಲ್ಲಿ ಹೊಗಳುತ್ತಾರೆ, ಸಂತೋಷ. ಕಿರೀಟದಿಂದ ಕಾಲಿನವರೆಗೆ ಹೋಗಿಬರಲು ಬೇಕಾಗುವ ಸೊಂಟದ ಗಟ್ಟಿತನದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬಸ್ಸಿನ ಮಾಲೀಕ ಅಶೋಕಕುಮಾರರಿಗೆ ಇರುವುದು ಇದೊಂದೇ ಬಸ್ಸು. ಅವರು ನಗುತ್ತ ಒಪ್ಪಿಕೊಳ್ಳುತ್ತಾರೆ: "ಹೆಸರಿಗಷ್ಟ ನಾ ಮಾಲಕರಿ. ಬಸ್ ನಂದದ, ರೂಟ್ ಗಿರಿಜಕ್ಕಂದ. ಆಕಿ ಬ್ಯಾಡಂದ ಊರಾಗ ನಾವು ಗಾಡಿ ನಿಲ್ಸಾಂಗಿಲ್ಲ."

ಗಿರಿಜಾಬಾಯಿ ಊರು ಆರಿಸುವ ರೀತಿ ಯಾವ ಪ್ರವಾಸಿ ಕೈಪಿಡಿಯಲ್ಲೂ ಸಿಗಲಾರದು. ಬೇಳೆ ಬೇಯಿಸುವ ನೀರು, ಒಲೆಗೆ ಗಾಳಿ ತಾಗದ ಮರೆ, ಹೆಂಗಸರ ಸ್ನಾನಕ್ಕೊಂದು ಗೋಡೆ ಇದ್ದರೆ ಆ ಊರು ಚೆಂದ. ಮೈಸೂರೆಂದರೆ ಅವರಿಗೆ ಅರಮನೆಯಲ್ಲ, ಒಂದು ಛತ್ರದ ಹಿಂದಿನ ನಲ್ಲಿ. ಲಾಲ್‌ಬಾಗ್ ಎಂದರೆ ಹೊರಗಿನ ರಸ್ತೆಯ ನೆರಳು, ಒಳಗೆ ಒಲೆ ಹಚ್ಚುವಂತಿಲ್ಲವಲ್ಲ. ಬೃಂದಾವನದ ಕಾರಂಜಿ ಹೇಗಿದೆ ಎಂದು ಕೇಳಿದೆ. "ಛಲೋ ಇರಬೇಕ್ರಿ. ಎಲ್ಲಾರೂ ಛಲೋ ಅದ ಅಂತಾರ" ಎಂದರು.

ಈ ಲೆಕ್ಕಾಚಾರ ಅವರಿಗೆ ಬಂದದ್ದು ತಂದೆಯಿಂದ. ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ ಕುರಿ ಸಾಕುವ ಮನೆ. ಹಿಂಡಿನ ಜೊತೆ ತಿಂಗಳುಗಟ್ಟಲೆ ಊರೂರು ನಡೆಯುವ ಅಪ್ಪ, ಹೊಸ ಜಾಗಕ್ಕೆ ಬಂದರೆ ಮೊದಲು ತಾನು ಬೊಗಸೆ ನೀರು ಕುಡಿದು ನೋಡುತ್ತಿದ್ದರಂತೆ. ನೀರು ಒಗ್ಗದಿದ್ದರೆ ಎಷ್ಟೇ ಹುಲ್ಲಿದ್ದರೂ ಹಿಂಡು ಮುಂದಕ್ಕೆ. "ನನಗೂ ಅದೇ ರೂಢಿ ಬಿತ್ರಿ. ಕುರಿ ಹೋಗಿ ಮಂದಿ ಬಂದ್ರು, ಅಷ್ಟ ಫರಕ" ಎಂದು ಗಿರಿಜಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

ಪತಿ ದತ್ತಾತ್ರಿ ಭಾಲ್ಕಿಯಲ್ಲಿ ದರ್ಜಿಯಾಗಿದ್ದರು. ಮಗಳು ಪ್ರಣಿತಾಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡರು. ಗಿರಿಜಾಬಾಯಿ ಮೊದಲು ಮದುವೆ ಮನೆಗಳಲ್ಲಿ ರೊಟ್ಟಿ ಬಡಿದರು, ಆಮೇಲೆ ಬಸ್ಸು ಹತ್ತಿದರು. ಮಗಳು ಅಜ್ಜಿಯ ಮಡಿಲಲ್ಲಿ ಬೆಳೆದು, ಓದಿ, ಈಗ ಬೀದರಿನಲ್ಲಿ ಶಾಲಾ ಶಿಕ್ಷಕಿ. ಬಸ್ಸಿನಲ್ಲಿ ಗಿರಿಜಾಬಾಯಿಗೆ ಜೊತೆಯೆಂದರೆ ಮೈದುನನ ಹೆಂಡತಿ ಹೀರಾಬಾಯಿ. ಸಂಜೆಯೊಂದಕ್ಕೇ ನೂರ ನಲವತ್ತು ಜೋಳದ ರೊಟ್ಟಿ. ಎರಡು ಹಂಚು, ನಾಲ್ಕು ಕೈ, ಎರಡೂವರೆ ತಾಸು. ನಾಲ್ಕು ಗಂಟೆಗೆ ಹಿಟ್ಟಿಗೆ ಕೈ ಹಾಕಿದರೆ ಆರೂವರೆಗೆ ಕೊನೆಯ ರೊಟ್ಟಿ ಬೇಯುತ್ತದೆ.

ನಾಲ್ಕರಿಂದ ಆರೂವರೆ. ಕಡಲದಂಡೆಗೆ ಜನ ಹೋಗುವುದೂ ಅದೇ ಹೊತ್ತಿಗೆ.

ಗಿರಿಜಾಬಾಯಿ ಕಾರವಾರ, ಗೋಕರ್ಣ, ಮುರ್ಡೇಶ್ವರ, ಮಲ್ಪೆ ಎಂದು ಇದುವರೆಗೆ ಹತ್ತೊಂಬತ್ತು ಸಲ ಕರಾವಳಿಗೆ ಹೋಗಿದ್ದಾರೆ. ಒಂದು ಸಲವೂ ಕಡಲಿನಲ್ಲಿ ಕಾಲಿಟ್ಟಿಲ್ಲ. ದಂಡೆಯ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಅಡುಗೆಯ ಬೀಡಾರವನ್ನು ಐದಾರು ಕಿಲೋಮೀಟರ್ ಒಳಗೇ ಹಾಕಿಸುವವರು ಅವರೇ. ಬಸ್ಸು ಜನರನ್ನು ದಂಡೆಗೆ ಒಯ್ಯುತ್ತದೆ, ಇವರು ಹಂಚಿನ ಮುಂದೆ ಕೂರುತ್ತಾರೆ. ಓಡುವ ಬಸ್ಸಿನ ಕಿಟಕಿಯಲ್ಲಿ ದೂರದಿಂದ ಕಂಡದ್ದುಂಟು, ಆಗಲೂ ಎಣ್ಣೆ ಡಬ್ಬಿ ಉರುಳದಂತೆ ಹಿಡಿದುಕೊಂಡಿರಬೇಕು.

"ಮಂದಿ ವಾಪಸ್ ಬಂದಾಗ ಸೀರಿ ಅಂಚೆಲ್ಲಾ ತೊಯ್ದಿರ್ತದ್ರಿ. ಬಸ್ಸಿನ ಕಿಟಕಿಗಿ ಒಣ ಹಾಕ್ತಾರ. ನಾ ಊಟಕ್ಕ ನೀಡೂ ಮುಂದ ಆ ಅಂಚು ಹಿಡದ್ ನೋಡ್ತೇನಿ. ಮಳಲು ಇರ್ತದ, ಬ್ಯಾರೇನೇ ಒಂದು ವಾಸನಿ ಇರ್ತದ. ನನಗ ಸಮುದ್ರ ಅಂದ್ರ ಇಷ್ಟೇ ಬಂದದ." ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನು ನೋಟ್‌ಪುಸ್ತಕ ಮುಚ್ಚಿಟ್ಟೆ.

ಮಗಳು ಕರೆದುಕೊಂಡು ಹೋಗಬಾರದೇ ಎಂದು ನೀವು ಕೇಳುತ್ತೀರಿ. ಪ್ರಣಿತಾ ಕರೆದುಕೊಂಡು ಹೋದರು, ಆದರೆ ಆದದ್ದೇ ಬೇರೆ. ನಾಲ್ಕು ವರ್ಷದ ಹಿಂದೆ ತಾಯಿ ಮಗಳು ಇಬ್ಬರೇ ಹೋಗುವುದೆಂದು ನಿಶ್ಚಯಿಸಿದರು. ಸುದ್ದಿ ಓಣಿಗೆ ಗೊತ್ತಾಯಿತು. ಗಿರಿಜಕ್ಕ ಹೊರಟಿದ್ದಾರೆ ಎಂದರೆ ಊಟದ ಚಿಂತೆಯಿಲ್ಲ ಎಂದು ಒಬ್ಬೊಬ್ಬರೇ ಸೇರಿಕೊಂಡರು. ಎರಡು ವಾರದಲ್ಲಿ ಇಬ್ಬರ ಪ್ರಯಾಣ ನಲವತ್ತೊಂದು ಜನರ ಪ್ರವಾಸವಾಗಿ, ಬಸ್ಸು ಬಾಗಿಲಿಗೆ ಬಂದು ನಿಂತಿತು. ಬೇಡ ಎನ್ನಲು ಗಿರಿಜಾಬಾಯಿಗೆ ಬರುವುದಿಲ್ಲ, ಮಗಳಿಗೆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಸಲ ಗಿರಿಜಾಬಾಯಿ ಒಂದು ಉಪಾಯ ಮಾಡಿದರು. ದಂಡೆಯಲ್ಲಿ ಕೈ ಖಾಲಿ ಇರಲೆಂದು ಹತ್ತು ದಿನ ಮುಂಚಿನಿಂದಲೇ ಮನೆಯಲ್ಲಿ ಐನೂರು ಖಡಕ್ ರೊಟ್ಟಿ ಮಾಡಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೇರಿಸಿದರು. ನಮ್ಮ ಕಡೆಯ ಖಡಕ್ ರೊಟ್ಟಿಯ ವಿಷಯ ಎಲ್ಲರಿಗೂ ಗೊತ್ತು. ತಿಂಗಳಿಟ್ಟರೂ ಮುರಿದರೆ ಪಟ್ ಎನ್ನಬೇಕು. ಕರಾವಳಿಯ ಗಾಳಿಯ ವಿಷಯ ಮಾತ್ರ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ರಾತ್ರಿ ಘಟ್ಟ ಇಳಿದು, ಬೆಳಿಗ್ಗೆ ಗಂಟು ಬಿಚ್ಚಿದರೆ ರೊಟ್ಟಿಯೆಲ್ಲ ಒದ್ದೆ ಬಟ್ಟೆಯಂತೆ ಮೆತ್ತಗೆ ಬಿದ್ದಿದ್ದವು. ಹೇಗೋ ಬೆಳಗಿನ ಊಟ ಸಾಗಿತು. ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಬಂತು. ಬೀಡಾರದ ಮನೆಯೊಡತಿ ನಕ್ಕು, "ನಮ್ಮಲ್ಲಿ ಹಪ್ಪಳ ಸಹ ಡಬ್ಬಿಯಿಂದ ತೆಗ್ದ ಕೂಡ್ಲೇ ತಿನ್ಬೇಕು ಮಾರಾಯ್ತಿ" ಎಂದರಂತೆ. ನಾಲ್ಕು ಗಂಟೆಗೆ ಗಿರಿಜಾಬಾಯಿ ಹಿಟ್ಟು ಕಲಸಲು ಕೂತರು. ಸಿಟ್ಟಾದ ಪ್ರಣಿತಾ ಕೂಡ ದಂಡೆಗೆ ಹೋಗದೆ ತಾಯಿಯ ಪಕ್ಕದಲ್ಲಿ ಕೂತು ರೊಟ್ಟಿ ಬೇಯಿಸಿದರು.

ಈಗ ಬಲಗೈ ಮಣಿಕಟ್ಟು ಬಾತುಕೊಂಡಿದೆ. ರೊಟ್ಟಿ ಬಡಿಯುವುದು ಸಾಕು ಎಂದು ಬೀದರಿನ ಡಾಕ್ಟರು ಹೇಳಿದ್ದಾರೆ. ಜನವರಿಯ ಈ ಪ್ರವಾಸ ಗಿರಿಜಾಬಾಯಿಯ ಕೊನೆಯದು. ಇದು ತಪ್ಪಿದರೆ ಕಡಲು ತಪ್ಪಿತು ಎಂದು ಅವರಿಗೂ ಗೊತ್ತು, ಅಂಗಳದಲ್ಲಿ ಟೀ ಕುಡಿಯುತ್ತ ಕೂತ ಮುನೀರೋದ್ದೀನನಿಗೂ ಗೊತ್ತು.

ಆರು ಗಂಟೆಗೆ ಮೈಸೂರಿನ ಬೇಳೆ ಬೆಣ್ಣೆಯಾಗಿದೆ, ಚಿತ್ರದುರ್ಗದ್ದೂ ಒಡೆದಿದೆ. ಮೂರನೆಯದು ಹಾಗೇ ಇದೆ; ಬೀಡಾರ ಹಾಕುವ ಒಳಗಿನ ಬಾವಿಗೂ ಈ ವರ್ಷ ಉಪ್ಪು ಹತ್ತಿದೆ.

"ಇನ್ನಾ ಥೋಡೆ ಉರಿ ಕೊಡ್ರಿ ಆಪಾ" ಎನ್ನುತ್ತಾನೆ ಮುನೀರೋದ್ದೀನ. "ಬೇಯ್ತದ. ಇಲ್ಲಂದ್ರ ಕ್ಯಾನ್ ನೀರು ತಗೋಳಮು."

"ಬ್ಯಾಳಿಗಿ ಕ್ಯಾನ್ ತಂದಿ, ನಲವತ್ತಾರ ಮಂದಿ ಜಳಕಕ್ಕ ಏನ್ ತರ್ತಿ ಮುನೀರಭಾಯ್? ಮೈಸೂರಿಗೇ ಹೋಗಮು" ಎಂದು ಗಿರಿಜಾಬಾಯಿ ಒಲೆ ಆರಿಸುತ್ತಾರೆ. ಬೇಯದೆ ಉಳಿದದ್ದು ಮೈಸೂರಿನ ಬೇಳೆಯಾಗಿದ್ದರೆ ಕ್ಯಾನಿಗೆ ಒಪ್ಪುತ್ತಿದ್ದರು ಎಂಬ ಅನುಮಾನ ನನಗಿದೆ. ತನಗೆ ಆಸೆಯಿರುವ ಊರಿನ ಮೇಲೆ ಈ ಹೆಂಗಸು ಎರಡು ಪಟ್ಟು ಕಟ್ಟುನಿಟ್ಟು.

ಎಂಟು ಗಂಟೆಯ ಬಸ್ಸಿಗೆ ಗಿರಿಜಾಬಾಯಿ, ಹೀರಾಬಾಯಿ ಮತ್ತು ನಾನು ಔರಾದಕ್ಕೆ ಹೊರಡುತ್ತೇವೆ. ಅಲ್ಲಿ ಕೌಸಲ್ಯಾಬಾಯಿ ಎಂಬ ಎಪ್ಪತ್ತರ ಹತ್ತಿರದ, ಕುರಿಗಾರರ ಮನೆಯ ಹಿರಿಯಾಕೆಯ ಪಡಸಾಲೆಯಲ್ಲಿ ಪ್ರವಾಸಕ್ಕೆ ಹೋಗುವವರೆಲ್ಲ ಸೇರಿದ್ದಾರೆ. ಪದ್ಧತಿಯಂತೆ ಒಬ್ಬೊಬ್ಬರೂ ತಮಗೆ ಬೇಕಾದದ್ದು ಹೇಳಬೇಕು, ಕೊನೆಗೆ ಗಿರಿಜಾಬಾಯಿ ದಾರಿ ಹೇಳಬೇಕು. ಹೊಸದಾಗಿ ಮದುವೆಯಾದ ರಾಧಿಕಾಗೆ ಲಾಲ್‌ಬಾಗಿನ ಹೂವು ಬೇಕು. ಹಲವರಿಗೆ ಮೈಸೂರು. ಕೌಸಲ್ಯಾಬಾಯಿ ಒಂದೇ ಮಾತು ಹೇಳುತ್ತಾರೆ: "ನನಗ ಸಮುದ್ರ."

ಗಿರಿಜಾಬಾಯಿ ಎದ್ದು ನಿಲ್ಲುತ್ತಾರೆ. ಚಿತ್ರದುರ್ಗ, ಬೆಂಗಳೂರು, ಮೈಸೂರು, ಅಷ್ಟೇ. ಸಮುದ್ರದ ಕಡೆ ನೀರು ಸರಿಯಿಲ್ಲ.

ಕೌಸಲ್ಯಾಬಾಯಿಯ ಮುಖ ಕೆಂಪಾಗುತ್ತದೆ. "ನೀ ಹತ್ತೊಂಬತ್ತ ಸಲ ನೋಡಿ ಬಂದೀದಿ. ನಿನಗ ಸಾಕಾಗ್ಯಾದ. ನಾವು ಒಂದ್ ಸಲ ನೋಡ್ತೇವಂದ್ರ ನೀರು ಸರಿಯಿಲ್ಲ ಅಂತಿ. ಇದ್ಯಾವ ನ್ಯಾಯ?"

ಗಿರಿಜಾಬಾಯಿ ತಲೆ ತಗ್ಗಿಸಿ ನಿಂತೇ ಇದ್ದಾರೆ. ಮಾತಾಡಿದ್ದು ಹೀರಾಬಾಯಿ. ಇಪ್ಪತ್ತೆರಡು ವರ್ಷ ಪಕ್ಕದ ಹಂಚಿನ ಮುಂದೆ ಕೂತವರು.

"ಅಕ್ಕ ಒಂದ್ ಸಲಾನೂ ನೋಡಿಲ್ರಿ ಕಾಕಿ" ಎನ್ನುತ್ತಾರೆ. "ಮಂದಿ ನೋಡಾಕ ಹೋದಾಗ ನಾವು ರೊಟ್ಟಿ ಬಡೀತಿದ್ದೇವು. ನನ್ನ ಎರಡ ಸಲ ಕಳಿಸ್ಯಾಳ, ತಾ ಒಬ್ಬಾಕಿ ಕುಂತು ಮಾಡ್ಯಾಳ. ತಾ ಹೋಗಿಲ್ಲ."

ಅಲ್ಲಿರುವವರಲ್ಲಿ ಏಳೆಂಟು ಜನ ಹಿಂದೆ ಗಿರಿಜಾಬಾಯಿಯ ಜೊತೆ ಕಡಲು ನೋಡಿ ಬಂದವರೇ. ಬಿಸಿ ರೊಟ್ಟಿ ಎಲ್ಲಿಂದ ಬಂತು ಎಂದು ಅವರಾರೂ ಯೋಚಿಸಿರಲಿಲ್ಲ. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಕೌಸಲ್ಯಾಬಾಯಿ ಎದ್ದು ಹೋಗಿ ಎಲೆಯಡಿಕೆ ಉಗಿದು ಬರುತ್ತಾರೆ. "ಹಂಗಾದ್ರ ಆ ದಿನ ಸಂಜಿಗಿ ಒಲಿ ಹಚ್ಚೂದ ಬ್ಯಾಡ" ಎನ್ನುತ್ತಾರೆ. "ಚುರಮುರಿ, ಶೇಂಗಾ, ಬಾಳೆಹಣ್ಣ ತಿನ್ನಮು. ಒಂದ್ ದಿನ ರೊಟ್ಟಿ ಇಲ್ಲಂದ್ರ ಯಾರೂ ಸಾಯಾಂಗಿಲ್ಲ. ಜಳಕ ಅಲ್ಲೇ ಸಮುದ್ರದಾಗ ಮಾಡಮು. ಯಾರಿಗಿ ಒಲ್ಲೆ ಅನಸ್ತದ, ಈಗೇ ಹೇಳ್ರಿ."

ಜೋಳದ ರೊಟ್ಟಿಯಿಲ್ಲದೆ ಸಂಜೆಯ ಊಟವನ್ನು ಊಟವೆಂದೇ ಒಪ್ಪದ ಜನ ಇವರು. ಗಂಡಸರ ಸಾಲಿನಲ್ಲಿ ಗುಸುಗುಸು ನಡೆಯುತ್ತದೆ. ಮೈಸೂರು ಕೈಬಿಟ್ಟು ಹೋಯಿತೆಂದು ಕೆಲವರ ಮುಖ ಸಣ್ಣಗಾಗಿದೆ, ರಾಧಿಕಾಳದ್ದಂತೂ ನೋಡುವಂತಿಲ್ಲ. ಆದರೂ ಒಲ್ಲೆ ಎಂದು ಯಾರೂ ಕೈ ಎತ್ತುವುದಿಲ್ಲ. ಚಿತ್ರದುರ್ಗ, ಜೋಗ, ಅಲ್ಲಿಂದ ಘಟ್ಟ ಇಳಿದು ಕಡಲು ಎಂದು ದಾರಿ ಬದಲಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಗಿರಿಜಾಬಾಯಿ ಹೇಳಿದ ದಾರಿಯನ್ನು ಜನ ತಿದ್ದಿದ್ದು ಇದೇ ಮೊದಲು. ಅವರಿಗೆ ಖುಷಿಯಾಯಿತೋ ಅವಮಾನವಾಯಿತೋ ತಿಳಿಯುವುದಿಲ್ಲ. "ಚುರಮುರಿ ಒಗ್ಗರಣಿಗಿ ಉಳ್ಳಾಗಡ್ಡಿ ಎಷ್ಟ ಬೇಕಾಗ್ತದ" ಎಂದು ಹೀರಾಬಾಯಿಯನ್ನು ಕೇಳುತ್ತಿದ್ದಾರೆ.

ಮಧ್ಯಾಹ್ನ ಭಾಲ್ಕಿ ಬಸ್ಸಿಗೆ ಕಾಯುತ್ತ ನಿಂತಾಗ, ಕಡಲಿನ ಮುಂದೆ ನಿಂತು ಏನು ಮಾಡುತ್ತೀರಿ ಎಂದು ಗಿರಿಜಾಬಾಯಿಯನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ.

"ಏನ್ ಮಾಡ್ತೇನ್ರಿ, ಸುಮ್ಮ ನಿಲ್ತೇನಿ. ಹೀರಾ ಹೇಳ್ತಾಳ, ಕಾಲ ಕೆಳಗಿನ ಮಳಲು ಸರೀತದಂತ. ಅದು ನೋಡಬೇಕು."

ಬಸ್ಸು ಬಂತು. ಹತ್ತುವ ಮೊದಲು ಬಾತ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ತಿರುಗಿ ಹೇಳಿದರು:

"ಇವತ್ತ ಎಲ್ಲಾರೂ ಹ್ಞೂಂ ಅಂದಾರ್ರಿ. ಆದ್ರ ಹೊಟ್ಟಿಗಿ ಮಾತು ನೆಪ್ಪಿರಾಂಗಿಲ್ಲ. ಅಲ್ಲಿ ಯಾರರೆ ಒಬ್ರು ಹಸಿವಿ ಅಂದ್ರ ನನ್ನ ಕಾಲು ತಾವೇ ಒಲಿ ಕಡಿ ಹೊಳ್ಳತಾವ, ನಾ ಬ್ಯಾಡಂದ್ರೂ ನಿಲ್ಲಾಂಗಿಲ್ಲ. ಅದಕ್ಕ ದೇವ್ರಿಗಿ ಒಂದೇ ಬೇಡ್ಕೋತೀನಿ. ಒಂದ್ ತಾಸು ಯಾರಿಗೂ ಹಸಿವಿ ಆಗಬಾರ್ದು."