ಆಕಾಶದ ವೈರಿಯೂ ಮೇಲ್ಮಹಡಿಯ ಕಾಕುವೂ

ಕಂಪ್ಯೂಟರಿನ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಕೆಳಗೆ, ಮೈಮೇಲೆ ಅಕ್ಷರವೂ ಇಲ್ಲದೆ ಅಂಕಿಯೂ ಇಲ್ಲದೆ, ಮನೆಯ ಹೊಸ್ತಿಲಿನ ಹಾಗೆ ಉದ್ದಕ್ಕೆ ಮಲಗಿರುವ ಗುಂಡಿಯೊಂದಿದೆಯಲ್ಲ, ಅದು ಯಾರ ಕೈಯಲ್ಲಿ ಎಲ್ಲಿ ಸವೆಯುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ನಮ್ಮ ಹಳೆಯ ಕಂಪ್ಯೂಟರು ಗುಜರಿಗೆ ಹೋದಾಗ ಅದರ ಕೀಬೋರ್ಡನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಉದ್ದ ಗುಂಡಿಯ ನಡುಭಾಗ ನುಣುಪಾಗಿದೆ. ಅಭಿ, ಮೇಘಾ, ಅದು ನಿಮ್ಮಿಬ್ಬರ ಹೆಬ್ಬೆರಳುಗಳ ಕೆಲಸ. ಆದರೆ ಎಡತುದಿಯಲ್ಲಿ ಇನ್ನೊಂದು ಪುಟ್ಟ ಹೊಳಪಿದೆ. ಅದು ನನ್ನ ತೋರುಬೆರಳಿನದು. ಆ ಹೊಳಪಿನ ಕಥೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ; ಬಾಯಲ್ಲಿ ಹೇಳು ಎಂದರೆ ಅರ್ಧದಲ್ಲಿ ನಾಚಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತೇನೆ ಎಂಬುದು ನಿಮಗೆ ಗೊತ್ತೇ ಇದೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ, ಮಾರ್ಕೆಟ್ ಯಾರ್ಡಿನ ನಮ್ಮ ಬೆಲ್ಲದ ಅಂಗಡಿಯ ಲೆಕ್ಕಕ್ಕೆಂದು ನಿಮ್ಮಪ್ಪ ಆ ಕಂಪ್ಯೂಟರನ್ನು ಮನೆಗೆ ತಂದ. ಅದರಲ್ಲಿ ಲೆಕ್ಕ ಎಷ್ಟಾಯಿತೋ ನಾನರಿಯೆ, ಯುದ್ಧವಂತೂ ಧಾರಾಳವಾಗಿ ಆಯಿತು. ಕಪ್ಪು ಆಕಾಶ, ಕೆಳಗೆ ನಮ್ಮದೊಂದು ಬಡಪಾಯಿ ಬಿಳಿ ಹಡಗು, ಮೇಲಿನಿಂದ ಸಾಲುಸಾಲಾಗಿ ಇಳಿದುಬರುವ ಹಸಿರು ಹಡಗುಗಳು. ಅವುಗಳೊಳಗೆ ಇರುವವರು ಯಾರು, ಯಾವ ಲೋಕದವರು, ನಾವು ಅವರಿಗೇನು ಅನ್ಯಾಯ ಮಾಡಿದ್ದೇವೆ, ಇದೊಂದನ್ನೂ ಆಟ ಹೇಳುತ್ತಿರಲಿಲ್ಲ. ಬರುತ್ತಿದ್ದರು, ಬೆಂಕಿ ಸುರಿಸುತ್ತಿದ್ದರು, ಅಷ್ಟೇ.

ನಿಮ್ಮಿಬ್ಬರ ಜಗಳ ಅಲ್ಲಿಯೇ ಹುಟ್ಟಿದ್ದು.

"ಇವ್ರು ಯಾಕ ಬರ್ತಾರಂತ ಹೇಳೋದ ಇಲ್ಲ. ಮಾರಿನೂ ಇಲ್ಲ, ಹೆಸ್ರೂ ಇಲ್ಲ. ಭಾಳ ಬೋರ್ ವೈರಿ ಇವು," ಎಂದು ಅಭಿಯ ತಕರಾರು.

"ಹೇಳಿಬಿಟ್ರ ಅಂಜಿಕಿ ಎಲ್ಲಿ ಉಳೀತದ, ಶಾಣ್ಯಾ? ಗೊತ್ತಿಲ್ಲ ಅಂತನ ಮಜಾ ಅದ," ಎಂದು ಮೇಘಾ.

"ಅಜ್ಜಿ, ನೀನ ಹೇಳು, ಯಾರದು ಖರೆ?"

"ನನಗೇನ ತಿಳೀತದಪಾ," ಎಂದು ನಾನು ರೊಟ್ಟಿ ಹಂಚಿನ ಕಡೆಗೆ ನಡೆದೆ. ಹುಟ್ಟಿದಾಗಿನಿಂದ ಎಲ್ಲ ಪ್ರಶ್ನೆಗಳಿಗೂ ನಾನು ಕೊಟ್ಟುಕೊಂಡು ಬಂದ ಉತ್ತರ ಅದೊಂದೇ.

ನನ್ನ ಸ್ವಭಾವವೇ ಹಾಗೆ. ನಮ್ಮೂರ ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ, ಬರುತ್ತಿದ್ದ ಉತ್ತರವೂ ಅವರ ಮುಖ ಕಂಡೊಡನೆ ಗಂಟಲಿನಿಂದ ವಾಪಸು ಇಳಿದುಹೋಗುತ್ತಿತ್ತು. ಚೌಕಾಬಾರ ಆಡಲು ಕೂತರೆ ಎದುರು ಕೂತವಳು ಹುಬ್ಬೇರಿಸಿದ ಮಾತ್ರಕ್ಕೆ ನನ್ನ ಕಾಯಿ ತಾನಾಗಿ ಸಾಯಲು ಸಿದ್ಧವಾಗುತ್ತಿತ್ತು. ಮದುವೆಯಾಗಿ ಪುಣೆಗೆ ಬಂದ ಮೇಲೆ ನನ್ನ ಪಾಲಿನ ಮಾತನ್ನೆಲ್ಲ ನಿಮ್ಮಜ್ಜನೇ ಆಡಿದರು. ತರಕಾರಿಯವನೊಂದಿಗೆ, ಬಸ್ಸಿನ ಕಂಡಕ್ಟರನೊಂದಿಗೆ, ಕಡೆಗೆ ನನಗೆ ಬಂದ ಜ್ವರದ ಬಗ್ಗೆ ಡಾಕ್ಟರರೊಂದಿಗೂ. "ನಮ್ಮವರು ಮಾತಾಡೋದು ಕಡಿಮಿ ರೀ," ಎಂದು ನಗುತ್ತ ಹೇಳುತ್ತಿದ್ದರು. ಅವರು ಹೋದರು, ನನ್ನ ಮಾತೂ ಅವರೊಂದಿಗೆ ಹೋಯಿತು.

ಉಳಿದದ್ದು ನಮ್ಮ ಕಟ್ಟಡದ ಟೆರೇಸು. ಮಧ್ಯಾಹ್ನದ ಹೊತ್ತು ಹಪ್ಪಳ ಶಾವಿಗೆ ಒಣಗಿಸುವ ನೆಪದಲ್ಲಿ ಅಲ್ಲಿ ನೀರಿನ ಟಾಕಿಯ ನೆರಳಿಗೆ ಕೂತರೆ, ಯಾರ ಕಣ್ಣೂ ನನ್ನ ಮೇಲಿಲ್ಲದ ಒಂದು ಆಕಾಶ ಸಿಗುತ್ತಿತ್ತು. ಅಲ್ಲಿ ನಾನು ನಿಮ್ಮಜ್ಜನ ಜೊತೆ ಮನಸ್ಸಿನಲ್ಲಿಯೇ ಮಾತಾಡಿಕೊಳ್ಳುತ್ತಿದ್ದೆ. ಆ ವರ್ಷ ಬೇಸಿಗೆ ಶುರುವಾದ ಹೊಸತರಲ್ಲಿ ಒಂದು ದಿನ ಶಾವಿಗೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ. ಹಾಕಿಸಿದವರು ಟೆರೇಸಿನ ಕೆಳಗಿನ ಮನೆಯ ಮರಾಠಿ ಹೆಂಗಸು, ಕಟ್ಟಡಕ್ಕೆಲ್ಲ ಚಿಕ್ಕಮ್ಮನಂತಿದ್ದ ಫಡತರೆ ಕಾಕು. ಕಟ್ಟಡದ ಸೆಕ್ರೆಟರಿ ಬೇರೆ ಯಾರೋ ಇದ್ದರೂ ಆಡಳಿತವೆಲ್ಲ ಕಾಕುವಿನದೇ. ಅವರ ದನಿ ಮೊದಲು ಬಂದು, ಅವರು ಆಮೇಲೆ ಬರುತ್ತಿದ್ದರು. ಹೆಂಗಸರೆಲ್ಲ ಮೆಟ್ಟಿಲಲ್ಲಿ ಗೊಣಗಿದರು, ಎದುರಿಗೆ ಒಬ್ಬರೂ ಉಸಿರೆತ್ತಲಿಲ್ಲ. ಉಸಿರೆತ್ತದವರಲ್ಲಿ ನಾನು ಮೊದಲಿಗಳು.

ಟೆರೇಸು ಹೋದ ಮೇಲೆ ಮಧ್ಯಾಹ್ನಗಳು ಮನೆಯೊಳಗೇ ಉಳಿದವು. ನೀವು ಶಾಲೆಗೆ ಹೋದಾಗ ಕಂಪ್ಯೂಟರಿನ ಧೂಳು ಒರೆಸುತ್ತಿದ್ದೆ. ನೀವು ಆರಿಸದೆ ಬಿಟ್ಟುಹೋದ ಯುದ್ಧ ಪರದೆಯ ಮೇಲೆ ಹಾಗೇ ಕಾದಿತ್ತು. ಬಟ್ಟೆ ಹಿಡಿದ ಬೆರಳು ಉದ್ದ ಗುಂಡಿಯ ಎಡತುದಿಗೆ ತಾಕಿತು. ನಮ್ಮ ಹಡಗು ಗುಂಡು ಹಾರಿಸಿತು. ಒಂದು ಹಸಿರು ಹಡಗು ಹೂವಿನ ಹಾಗೆ ಅರಳಿ ಇಲ್ಲವಾಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಕುರ್ಚಿ ಎಳೆದುಕೊಂಡೆ.

ಈಗ ನಿಮ್ಮ ಜಗಳಕ್ಕೆ ಬರುತ್ತೇನೆ. ಮುಖವಿಲ್ಲದ ಆ ವೈರಿ ನನಗೆ ಎಷ್ಟು ಹಿಡಿಸಿದನೆಂದರೆ, ಅಂಥ ಸಜ್ಜನ ವೈರಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವನು ನನ್ನನ್ನು ನೋಡುತ್ತಿರಲಿಲ್ಲ. ನಾನು ಗಂಡನಿಲ್ಲದವಳೆಂದು ದನಿ ಇಳಿಸಿ ಮಾತಾಡುತ್ತಿರಲಿಲ್ಲ, ನನ್ನ ಮರಾಠಿಗೆ ನಗುತ್ತಿರಲಿಲ್ಲ, ಉತ್ತರ ಬರಲೆಂದು ತಲೆ ಓರೆ ಮಾಡಿ ಕಾಯುತ್ತಿರಲಿಲ್ಲ. ಸೋತರೆ ಸೋತೆ, ಮರುಕ್ಷಣ ಹಳೆಯದೆಲ್ಲ ಮರೆತು ಮತ್ತೆ ಮೇಲಿನಿಂದ ಇಳಿಯುತ್ತಿದ್ದ. ಅವನೇಕೆ ಬರುತ್ತಾನೆಂಬುದನ್ನು ಆಟ ಹೇಳದೆ ಬಿಟ್ಟದ್ದು ನನಗೆ ಸಾರಿಸಿ ಖಾಲಿ ಬಿಟ್ಟ ಅಂಗಳದ ಹಾಗಿತ್ತು, ನನಗೆ ಬೇಕಾದ ರಂಗೋಲಿ ನಾನು ಹಾಕಿಕೊಳ್ಳಬಹುದಿತ್ತು. ಒಂದು ದಿನ ಅವರು ದಾರಿತಪ್ಪಿದ ದಿಬ್ಬಣದವರು. ಇನ್ನೊಂದು ದಿನ ಅವರ ಲೋಕದಲ್ಲಿ ಬೆಲ್ಲ ಮುಗಿದು ನಮ್ಮ ಅಂಗಡಿಗೆ ದಾರಿ ಹುಡುಕುತ್ತಿರುವವರು. ಆಗೆಲ್ಲ ಗುಂಡು ಹಾರಿಸಲು ಕೊಂಚ ಸಂಕೋಚವಾಗುತ್ತಿತ್ತು, ಹಾರಿಸದೆ ಬಿಡುತ್ತಿರಲಿಲ್ಲ.

ಆಡುತ್ತ ಆಡುತ್ತ ಒಂದು ಸಂಗತಿ ತಿಳಿಯಿತು. ಅವರು ಬೆಂಕಿ ಸುರಿಸುವಾಗ ಎದುರು ನಿಂತು ಹೊಡೆದರೆ ಕೈಗೆ ಏನೂ ಹತ್ತುವುದಿಲ್ಲ. ಸುರಿಸಿ ಮುಗಿದ ಮೇಲೆ ಮತ್ತೆ ಸಾಲು ಕಟ್ಟಿಕೊಳ್ಳಲು ಒಂದು ಗಳಿಗೆ ಸುಮ್ಮನಾಗುತ್ತಾರೆ. ಬಾಣದ ಗುಂಡಿ ಒತ್ತಿ ಪಕ್ಕಕ್ಕೆ ಸರಿದು ಆ ಗಳಿಗೆಗೆ ಕಾಯಬೇಕು. ಕಾಯುವುದು, ಸರಿಯುವುದು, ಸುಮ್ಮನಿರುವುದು, ಇವು ಮೂರೂ ನನಗೆ ಹುಟ್ಟಾ ಬಂದ ವಿದ್ಯೆಗಳು. ಅವು ಗೆಲ್ಲಲಿಕ್ಕೂ ಬರುತ್ತವೆಂದು ಗೊತ್ತಿರಲಿಲ್ಲ.

ಆಟ ಮುಗಿದಾಗ ಗೆದ್ದವರ ಹೆಸರು ಬರೆಯಲು ಒಂದು ಜಾಗ ಬರುತ್ತಿತ್ತಲ್ಲ, ಅಲ್ಲಿಯೂ ನಾನು ನನಗೆ ರೂಢಿಯಾದ ಉದ್ದ ಗುಂಡಿಯನ್ನೇ ಒತ್ತಿದೆ. ಆ ಗುಂಡಿಗೆ ಅಕ್ಷರವಿಲ್ಲ. ಹೆಸರಿನ ಜಾಗ ಖಾಲಿಯಾಗಿಯೇ ಉಳಿದು ಎಲ್ಲರ ಮೇಲಕ್ಕೆ ಏರಿ ಕೂತಿತು. ಅಂದು ಸಂಜೆ ನಿಮ್ಮ ಗದ್ದಲ ನೆನಪಿದೆಯೇ?

"ಯಾಂವ ಇಂವ, ಹೆಸ್ರ ಇಲ್ಲದಾಂವ? ನನ್ನಕಿಂತ ಮ್ಯಾಲೆ ಹ್ಯಾಂಗ ಬಂದ?"

"ನಿನ್ನ ದೋಸ್ತ ಯಾರರೆ ಬಂದಿರಬೇಕು ನೋಡು."

"ಯಾರೂ ಬಂದಿಲ್ಲ, ದೇವರಾಣಿ!" ಎಂದು ಅಭಿ.

ಮುಖವಿಲ್ಲದ ವೈರಿ ಬೋರು ಎಂದಿದ್ದ ಅಭಿ ಅಂದಿನಿಂದ ಊಟ ಬಿಟ್ಟು ಆ ಖಾಲಿ ಹೆಸರನ್ನು ಕೆಳಗಿಳಿಸಲು ಆಡಿದ. ಅವನು ದಾಟಿದರೆ ಮರುದಿನ ಮಧ್ಯಾಹ್ನ ಖಾಲಿ ಹೆಸರು ಅವನನ್ನು ದಾಟುತ್ತಿತ್ತು. ನಾನು ಕದ ಮರೆಯಲ್ಲಿ ಪಲ್ಯ ಹೆಚ್ಚುತ್ತ, ಅಷ್ಟು ದೊಡ್ಡ ಹುಡುಗನನ್ನು ಅಷ್ಟು ಕಾಡುತ್ತಿರುವ ಅನ್ಯಲೋಕದ ಪ್ರಾಣಿ ನಾನೇ ಎಂದು ತಿಳಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆ ವಾರವೇ ಕಟ್ಟಡದ ಸಭೆ ಕರೆದರು, ಟೆರೇಸನ್ನು ಕಾಯಮ್ಮಾಗಿ ಮುಚ್ಚುವ ಬಗ್ಗೆ. ನಿಮ್ಮಪ್ಪ ಅಂಗಡಿಯಲ್ಲಿದ್ದ, ನಿಮ್ಮಮ್ಮ ಮೇಘಾಳ ಶಾಲೆಯಲ್ಲಿ; ನಾನು ಹೋಗಲೇಬೇಕಾಯಿತು. ತಡವಾಗಿ ಹೋದವಳಿಗೆ ಉಳಿದದ್ದು ಕಾಕುವಿನ ಎದುರಿನ ಕುರ್ಚಿ, ಮೇಜಿನ ಎಡತುದಿಯಲ್ಲಿ. ಕಾಕು ಆರಂಭಿಸಿದರು. ಬೀಗ ಹಾಕಿಸುವವರೆಗೆ ತಲೆಯ ಮೇಲಿನ ಸ್ಲ್ಯಾಬನ್ನು ಯಾರೋ ಒಡೆಯುತ್ತಿದ್ದರು. ಕಬ್ಬಿಣ ಎಳೆಯುವ ಸದ್ದು ಬರುತ್ತಿತ್ತು. ಕಳ್ಳರಿರಬಹುದು, ಇನ್ನೂ ಕೆಟ್ಟವರಿರಬಹುದು. ಹೀಗೇ ಸುಮ್ಮನಿದ್ದರೆ ನನ್ನ ಆಕಾಶ ಇವತ್ತಿಗೆ ಮುಗಿಯಿತು ಎನಿಸಿತು. ಮುಖ ನೋಡಿದರೆ ಕೆಟ್ಟೆನೆಂದು ಮೇಜನ್ನೇ ನೋಡುತ್ತ ಕೂತೆ; ಬೆಂಕಿ ನನ್ನ ಪಕ್ಕದಿಂದ ಹಾದುಹೋಗಲು ಬಿಟ್ಟೆ. ಕಡೆಗೊಮ್ಮೆ ಕಾಕು ಉಸಿರು ತೆಗೆದುಕೊಳ್ಳಲು ನಿಲ್ಲಿಸಿ ನೀರಿನ ಲೋಟಕ್ಕೆ ಕೈಚಾಚಿದರು.

ಅದೇ ಗಳಿಗೆ. ನನ್ನ ತೋರುಬೆರಳು ತಾನಾಗಿ ಮೇಜಿನ ತುದಿಯನ್ನು ಒತ್ತಿತು, ಬಾಯಿಂದ ಮರಾಠಿ ಹೊರಬಿತ್ತು. ಹರಕು ಮುರುಕು ಮರಾಠಿಯೇ ಸರಿ, ಮಾತು ಮಾತ್ರ ಗುರಿ ತಪ್ಪಲಿಲ್ಲ: "ಕಾಕು, ನೀವು ಒಮ್ಮೆ ಮೇಲೆ ಬನ್ನಿ. ಆ ಸದ್ದು ಮಾಡುತ್ತಿದ್ದವಳು ನಾನೇ. ನೋಡಿ, ಆಮೇಲೆ ಬೇಕಾದರೆ ಬೀಗ ಹಾಕಿ."

ಎಲ್ಲರ ತಲೆಗಳೂ ನನ್ನ ಕಡೆಗೆ ತಿರುಗಿದವು. ನನಗೆ ದನಿಯಿದೆಯೆಂಬುದೇ ಅಲ್ಲಿ ಹಲವರಿಗೆ ಹೊಸ ಸಮಾಚಾರ.

"ನನ್ನ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ ವಹಿನಿ," ಎಂದರು ಕಾಕು, ಮರಾಠಿಯಲ್ಲಿ ನನ್ನನ್ನು ಅತ್ತಿಗೆಯೆಂದು ಕರೆದು, ತಮ್ಮದಲ್ಲದ ಸಣ್ಣ ದನಿಯಲ್ಲಿ.

"ಬರ್ರಿ, ನಾ ಕೈ ಹಿಡೀತೀನಿ." ಈ ಸಲ ಬಂದದ್ದು ಕನ್ನಡ. ಚಾಚಿದ ಕೈಗೆ ಅನುವಾದ ಬೇಕಾಗಲಿಲ್ಲ.

ಬೀಗ ತೆಗೆಸಿ, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಮೇಲೆ ಹೋದೆವು. ಶಾವಿಗೆ ಒಣಗಿಸುವ ನಮ್ಮ ಕಬ್ಬಿಣದ ಮಂಚವನ್ನು ನಾನು ಬಿಸಿಲಿನಿಂದ ನೆರಳಿಗೆ ಎಳೆದು ತೋರಿಸಿದೆ. ಕರ್ರೆಂದಿತು.

"ಅಗೋಬಾಯಿ! ಇಷ್ಟೇನಾ?" ಎಂದು ಕಾಕು ಅದೇ ಮಂಚದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಿಳಿಯಿತು, ಮಧ್ಯಾಹ್ನಗಳಲ್ಲಿ ಅವರು ಒಬ್ಬರೇ ಮಲಗಿ ಆ ಸದ್ದು ಕೇಳುತ್ತಿದ್ದರು. ಮೇಲೆ ಬಂದು ನೋಡಲು ಕಾಲಿಲ್ಲ, ಅಂಜಿಕೆಯೆಂದು ಹೇಳಿಕೊಳ್ಳಲು ಬಾಯಿಲ್ಲ. ನಾನು ಅವರನ್ನು ವೈರಿಯೆಂದು ತಿಳಿದಷ್ಟು ಕಾಲವೂ, ಆಕಾಶದಿಂದ ಇಳಿದು ಅವರ ತಲೆಯ ಮೇಲೆ ಓಡಾಡುತ್ತಿದ್ದ ಮುಖವಿಲ್ಲದ ವೈರಿ ನಾನಾಗಿದ್ದೆ. ಮಂಚದ ಕಾಲುಗಳಿಗೆ ಹಳೆಯ ಬಟ್ಟೆ ಕಟ್ಟಿದೆವು. ಕಾಕು ಕೀಲಿಕೈಯನ್ನು ಸೆಕ್ರೆಟರಿಗೆ ಕೊಡಲಿಲ್ಲ, ನನ್ನ ಅಂಗೈಯಲ್ಲಿ ಇಟ್ಟರು. ಕಿತ್ತೂರನ್ನೇ ಗೆದ್ದು ತಂದವಳ ಹಾಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಮೆಟ್ಟಿಲಿಳಿದೆ.

ಆದ್ದರಿಂದ ಮಕ್ಕಳೇ, ತಡವಾಗಿಯಾದರೂ ನನ್ನ ತೀರ್ಪು ಕೇಳಿ. ಮೇಘಾಳದೇ ಖರೆ, ಗುಟ್ಟಿರುವ ವೈರಿಯೇ ಚೆಂದ. ಮುಂದೆ ನೀವು ತಂದ ಇನ್ನೊಂದು ಆಟದಲ್ಲಿ ವೈರಿಯ ದೊರೆ ಪರದೆ ತುಂಬ ಮುಖ ತೋರಿಸಿ ತನ್ನ ಲೋಕದ ಕಷ್ಟಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದ. ಕಾರಣ ಬೇಕೆಂದು ಕೂಗಿದ್ದ ಅಭಿಯೇ ಯಾವುದೋ ಗುಂಡಿ ಒತ್ತಿ ಅವನ ಬಾಯಿ ಮುಚ್ಚಿಸಿ ಮುಂದಕ್ಕೆ ಹೋಗುತ್ತಿದ್ದ. ಕೇಳದೆ ಸಿಕ್ಕ ಕಾರಣಕ್ಕೆ ರುಚಿಯಿಲ್ಲ. ಆದರೆ ಅಭಿಯದೂ ಪೂರ್ತಿ ಸುಳ್ಳಲ್ಲ. ವೈರಿಗೂ ನಮಗೂ ನಡುವೆ ಒಂದು ಮೆಟ್ಟಿಲಿರಬೇಕು, ಹತ್ತಿ ನೋಡುವ ಧೈರ್ಯ ಬಂದ ದಿನ ಹತ್ತಲು. ಆಟ ತಯಾರಿಸುವವರು ಅದೊಂದನ್ನು ಕಟ್ಟಿ, ಮೇಲೇನಿದೆಯೆಂದು ಹೇಳದೆ ಸುಮ್ಮನಿದ್ದರೆ ಸಾಕು.

ಖಾಲಿ ಹೆಸರಿನವಳು ಯಾರೆಂದು ನಿಮಗೆ ಈಗ ಗೊತ್ತಾಯಿತಲ್ಲ, ಅಭಿ, ಬಯ್ಯಬೇಡ. ಕಪಾಟಿನಲ್ಲಿರುವ ಕೀಬೋರ್ಡಿನ ಎಡತುದಿ ಇನ್ನು ಸವೆಯುವುದಿಲ್ಲ, ಆದರೆ ಬೆರಳಿಗೆ ಬಿದ್ದ ರೂಢಿ ಹೋಗಿಲ್ಲ. ಕಟ್ಟಡದ ಸಭೆಗಳಲ್ಲಿ ನಾನೀಗ ಯಾವಾಗಲೂ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಕಾಕುವಿನ ಭಾಷಣ ಎಷ್ಟೇ ಜೋರಾಗಿ ನಡೆದಿರಲಿ, ನನ್ನ ತೋರುಬೆರಳು ಮೇಜಿನ ತುದಿಗೆ ಇಳಿದದ್ದು ಕಂಡರೆ ಸಾಕು, ಅವರು ನೀರಿನ ಲೋಟ ಎತ್ತಿಕೊಂಡು ಎಲ್ಲರಿಗೂ ಕೈಸನ್ನೆ ಮಾಡುತ್ತಾರೆ: "ಸುಮ್ಮನಿರಿ, ಈಗ ವಹಿನಿ ಮಾತಾಡುತ್ತಾರೆ."