ಗೇಟಿನ ಪಕ್ಕದ ನೊಲುಂಡಿ ಕೇಳುವ ಪ್ರಶ್ನೆ

ಬೆಳಗಿನ ಜಾವ ಐದೂವರೆ. ದಕ್ಷಿಣ ಆಫ್ರಿಕಾದ ನಮ್ಮ ಕೊಮಾನಿಯ ಕಾರ್ಮಿಕ ಕಚೇರಿಯ ಗೇಟು ತೆರೆಯಲು ಇನ್ನೂ ಎರಡು ಗಂಟೆ ಇದೆ, ಸಾಲಿನಲ್ಲಿ ಆಗಲೇ ನಲವತ್ತು ಜನ. ಜುಲೈ ಚಳಿಗೆ ಎಲ್ಲರೂ ಕಂಬಳಿಯೊಳಗೆ. ಗೋಡೆಯ ಪಕ್ಕದಲ್ಲಿ ಮಡಚುವ ಮೇಜು ಬಿಡಿಸಿ, ಮುಚ್ಚಿದ ಬಕೆಟ್ಟಿನಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಅಮಗ್ವಿನ್ಯ ಇಟ್ಟುಕೊಂಡು ನೊಲುಂಡಿ ಮಬೆನ್ಯಾ ಕನ್ನಡಕ ಒರೆಸುತ್ತಾರೆ. ವಯಸ್ಸು ಅರವತ್ತೊಂದು. ಮಾರುವುದು ತಿಂಡಿ, ಬರೆದುಕೊಡುವುದು ಅರ್ಜಿ.

ಕೆಲಸ ಹೋದವರು ನಿರುದ್ಯೋಗ ಭತ್ಯೆಗಾಗಿ ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಹಿಂದಿನ ತಿಂಗಳು ದುಡಿದರೋ, ದುಡಿದಿದ್ದರೆ ಎಷ್ಟು ಬಂತು ಎಂದು ಬರೆದು ಸಹಿ ಹಾಕಬೇಕು. ನೋಡಲು ಸುಲಭದ ಪ್ರಶ್ನೆ. ನಮ್ಮವರು ಎಡವುವುದೇ ಅಲ್ಲಿ.

ಈ ಹೊತ್ತು ಮೇಜಿನ ಮುಂದೆ ಕೂತಿರುವುದು ವುಯಾನಿ. ಅವನು ದುಡಿಯುತ್ತಿದ್ದ ಪೀಠೋಪಕರಣ ಕಾರ್ಖಾನೆ ಮಾರ್ಚ್‌ನಲ್ಲಿ ಮುಚ್ಚಿದೆ. ಮನೆಯಲ್ಲಿ ಮೂರು ಮಕ್ಕಳು, ಭತ್ಯೆ ಇನ್ನು ನಾಲ್ಕು ತಿಂಗಳು ಬರಬೇಕು.

"ಹೋದ ತಿಂಗಳು ಕೆಲಸ ಮಾಡಿದ್ಯಾ?"

"ಇಲ್ಲಮ್ಮಾ. ಬರೀ ಒಂದು ಪೀಸ್ ಜಾಬ್."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಏನು ಮಾಡ್ದೆ?"

"ಟೀಚರ್ ಮನೆ ಬೇಲಿಗೆ ಬಣ್ಣ ಹೊಡೆದೆ. ಮೂರು ದಿನ. ಆರುನೂರು ರಾಂಡ್ ಕೊಟ್ರು."

"ಬೆವರು ಬಂತಾ?"

ವುಯಾನಿ ನಗುತ್ತಾನೆ. "ಬರದೆ ಇರುತ್ತಾ?"

"ಹಾಗಾದ್ರೆ ಅದು ಕೆಲಸ. ಬರಿ."

ನಮ್ಮೂರಲ್ಲಿ ಯಾರೂ ಪೀಸ್ ಜಾಬನ್ನು, ಅಂದರೆ ಬಿಡಿ ಕೂಲಿಯನ್ನು, ಕೆಲಸ ಎನ್ನುವುದಿಲ್ಲ. ಕೆಲಸವೆಂದರೆ ಸಂಬಳದ ಚೀಟಿ, ಸಮವಸ್ತ್ರ, ಬೈಯಲು ಒಬ್ಬ ಮೇಸ್ತ್ರಿ. ಎರಡು ದಿನ ಯಾರದೋ ಅಂಗಳ ಗುಡಿಸಿದ್ದು, ಸಾವಿನ ಮನೆಯಲ್ಲಿ ಅಡುಗೆ ಮಾಡಿದ್ದು ಯಾವ ಲೆಕ್ಕ? ಹಾಗಾಗಿ ಪ್ರಾಮಾಣಿಕರೇ ಕಣ್ಣು ಮಿಟುಕಿಸದೆ "ಇಲ್ಲ" ಎಂದು ಬರೆದುಬಿಡುತ್ತಾರೆ.

ನೊಲುಂಡಿಯೂ ಬರೆದಿದ್ದರು. ಹನ್ನೊಂದು ವರ್ಷದ ಹಿಂದೆ, ಅವರು ಅಡುಗೆ ಮಾಡುತ್ತಿದ್ದ ಹಾಸ್ಟೆಲ್ ಮುಚ್ಚಿದಾಗ. ಒಂದು ಅಂತ್ಯಕ್ರಿಯೆಗೆ ಎರಡು ದಿನ ಬೇಯಿಸಿ ನಾನೂರು ರಾಂಡ್ ಪಡೆದಿದ್ದರು. ಕೂಲಿ ಕೊಟ್ಟವರ ಪುಸ್ತಕದಲ್ಲಿ ಕಚೇರಿಯವರಿಗೆ ಅವರ ಹೆಸರು ಸಿಕ್ಕಿತು, ಭತ್ಯೆ ನಿಂತಿತು, ಅದುವರೆಗೆ ಪಡೆದ ಭತ್ಯೆಯನ್ನು ಹಿಂದಿರುಗಿಸಬೇಕಾಯಿತು. "ಕಳ್ಳಿ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಕಾಗದ ಹೇಳ್ತು," ಎನ್ನುತ್ತಾರೆ. "ನಾನು ಸುಳ್ಳು ಹೇಳಿರ್ಲಿಲ್ಲ ಕಣಪ್ಪಾ. ಅದು ಕೆಲಸ ಅಂತಲೇ ನನಗೆ ಗೊತ್ತಿರ್ಲಿಲ್ಲ." ಸಾಲ ತೀರಿದ ಮಾರನೆಯ ದಿನವೇ ಈ ಮೇಜು ಗೇಟಿನ ಬಳಿ ಬಂತು.

ದಿನಕ್ಕೆ ಇಪ್ಪತ್ತೈದು, ಮೂವತ್ತು ಅರ್ಜಿ. ಕೊಟ್ಟರೆ ಐದು ರಾಂಡ್, ಕೊಡದಿದ್ದರೆ "ಮುಂದಿನವರು ಬನ್ನಿ". ಹೊಟ್ಟೆಗೆ ಹಾಕುವುದು ತಿಂಡಿಯ ಬಕೆಟ್ಟೇ.

ಅರ್ಜಿಯ ಉಳಿದದ್ದನ್ನೆಲ್ಲ ನೊಲುಂಡಿ ತುಂಬಿದ್ದಾರೆ, ಈ ಉತ್ತರ ಮಾತ್ರ ಅವರವರೇ ಬರೆಯಬೇಕು. ವುಯಾನಿಯ ಪೆನ್ನು ಇನ್ನೂ ಗಾಳಿಯಲ್ಲೇ ಇದೆ. ಸಾಲಿನಿಂದ ಒಬ್ಬ ಕೆಣಕುತ್ತಾನೆ: "ಸತ್ಯ ಹೇಳಿದ್ರೆ ಹೊಟ್ಟೆ ತುಂಬುತ್ತಾ ಅಕ್ಕಾ?"

"ತುಂಬಲ್ಲ. ಆದ್ರೆ ನಾನು 'ಇಲ್ಲ' ಅಂತ ಬರೆದು ತಿಂದದ್ದನ್ನ ಹದಿನಾಲ್ಕು ತಿಂಗಳು ಕಕ್ಕಿದೀನಿ. ನಿನಗೂ ಆಸೆ ಇದ್ರೆ ಬರಿ ಹಾಗೇ!"

ಸಾಲಿಗೆ ಸಾಲೇ ನಗುತ್ತದೆ. ವುಯಾನಿ ನಗುವುದಿಲ್ಲ. ಮೂರು ದಿನ, ಆರುನೂರು, ಎಂದು ಬರೆದು ಒಳಗೆ ಹೋಗುತ್ತಾನೆ.

ಅವನು ಹೊರಬರುವುದು ಹತ್ತು ಗಂಟೆಗೆ. ಅಷ್ಟು ಹೊತ್ತೂ ನೊಲುಂಡಿಯ ಕಣ್ಣು ಬಾಗಿಲ ಮೇಲೇ.

"ಈ ತಿಂಗಳು ಸ್ವಲ್ಪ ಕಮ್ಮಿ ಬರುತ್ತಂತೆ," ಎನ್ನುತ್ತಾನೆ. ಮುದ್ರೆ ಬಿದ್ದ ಹಾಳೆ ಮೇಜಿನ ಮೇಲಿಡುತ್ತಾನೆ. "ಮಿಕ್ಕ ಮೂರು ತಿಂಗಳದ್ದು ಹಾಗೇ ಇದೆ. ಒಳಗಿನ ಹುಡುಗಿ, 'ನೊಲುಂಡಿ ಅಮ್ಮನ ಅಕ್ಷರ ತಾನೆ?' ಅಂದ್ಲು."

ನೊಲುಂಡಿ ಅವನ ಕೈಗೆ ಎರಡು ಅಮಗ್ವಿನ್ಯ ತುರುಕುತ್ತಾರೆ. ಅವರ ಮುಖದ ಬೆಳಕು ನೋಡಿ ನನಗೂ ಎದೆಯುಬ್ಬುತ್ತದೆ, ನಮ್ಮೂರಿನವರಲ್ಲವೇ.

ಹೊರಡುವ ಮುನ್ನ ನನ್ನ ಪುಸ್ತಕ ತೆಗೆಯುತ್ತೇನೆ. "ಅಮ್ಮಾ, ಪೇಪರಿಗೆ ನಿಮ್ಮ ಕೆಲಸ ಏನು ಅಂತ ಹಾಕ್ಲಿ? ತಿಂಡಿ ಮಾರಾಟವಾ?"

"ತಿಂಡಿ ಹೊಟ್ಟೆಪಾಡು."

"ಮತ್ತೆ ಈ ಅರ್ಜಿ ಬರೆಯೋದು? ಪೀಸ್ ಜಾಬಾ?"

ನೊಲುಂಡಿ ಕನ್ನಡಕ ತೆಗೆದು, ಏರಿದ ಬಿಸಿಲಲ್ಲಿ ಬರೆದು ಮೂಗಿನ ಮೇಲೆ ಮೂಡಿದ ಬೆವರು ಒರೆಸಿ, ಆ ಒದ್ದೆ ಬೆರಳನ್ನು ನನ್ನ ಮುಂದೆ ಹಿಡಿಯುತ್ತಾರೆ.

"ಕೆಲಸ ಅಂತ ಬರಿ."