ಪಂಕ್ಚರ್ ತೊಟ್ಟಿಯಲ್ಲಿ ಬಿಯರ್

ಸೈಕಲ್ಲಿಗೆ ನೀರಿನ ಬಾಟಲಿ ಸಿಕ್ಕಿಸಲು ಒಂದು ತಂತಿಗೂಡು ಇರುತ್ತದಲ್ಲ, ಅದರಲ್ಲಿ ಬಿಯರ್ ಬಾಟಲಿ ನೆಟ್ಟಗೆ ಕೂರುವುದಿಲ್ಲ. ದೊಡ್ಡದು ಒಳಗೆ ಹೋಗುವುದಿಲ್ಲ, ಸಣ್ಣದು ಗಡಗಡ ಅಲುಗಿ ಊರಿಗೆಲ್ಲ ತನ್ನ ಕುಲಗೋತ್ರ ಸಾರುತ್ತದೆ. ಆದರೆ ಸಣ್ಣ ಬಾಟಲಿಗೆ ಒಂದು ಸಾಕ್ಸ್ ತೊಡಿಸಿ ನೋಡಿ, ಹಸೆಮಣೆಯ ಮೇಲಿನ ಮದುಮಗನ ಹಾಗೆ ಗಂಭೀರವಾಗಿ ಕೂರುತ್ತದೆ. ಇದು ನನ್ನ ಸ್ವಂತ ಸಂಶೋಧನೆ. ಸಾಕ್ಸ್ ಒಗೆದದ್ದಾಗಿರಬೇಕು ಎಂಬ ಅದರ ಉತ್ತರಾರ್ಧ ಮಾತ್ರ ಸ್ವಲ್ಪ ತಡವಾಗಿ ಹೊಳೆಯಿತು. ಅಷ್ಟರಲ್ಲಿ ನಾನು ಒಂದು ಬಿಯರಿನ ಬಗ್ಗೆ 'ಹಳೆಯ ಚೀಸಿನ ಸೂಕ್ಷ್ಮ ಪರಿಮಳವಿದೆ' ಎಂದು ಬರೆದಾಗಿತ್ತು. ಓದಿದವರು ನನ್ನ ಮೂಗಿನ ಸಂಸ್ಕಾರವನ್ನು ಕೊಂಡಾಡಿಯೂ ಆಗಿತ್ತು.

ವಾರದ ಆರು ದಿನ ನಾನು ಸಿಂಧನೂರಿನ ಒಂದು ಟ್ರ್ಯಾಕ್ಟರ್ ಅಂಗಡಿಯಲ್ಲಿ ನಿಂತು, ಟ್ರ್ಯಾಕ್ಟರಿನ ಬಗ್ಗೆ ನನಗಿಂತ ಹತ್ತು ಪಟ್ಟು ತಿಳಿದ ರೈತರಿಗೆ ಟ್ರ್ಯಾಕ್ಟರಿನ ಗುಣಗಾನ ಮಾಡುತ್ತೇನೆ. ಏಳನೆಯ ದಿನ ಅದೇ ಭಂಡಧೈರ್ಯದಿಂದ ಕ್ರಾಫ್ಟ್ ಬಿಯರಿನ ವಿಮರ್ಶೆ ಬರೆಯುತ್ತೇನೆ. ಕ್ರಾಫ್ಟ್ ಬಿಯರ್ ಎಂದರೆ ದೊಡ್ಡ ಕಾರ್ಖಾನೆಯದಲ್ಲ, ಯಾರೋ ಒಬ್ಬರು ಮನಸ್ಸಿಟ್ಟು, ಸಣ್ಣ ಹಂಡೆಯಲ್ಲಿ, ಮಾವಿನಹಣ್ಣೋ ಕಾಫಿಯೋ ಬೆರೆಸಿ ಹುದುಗೆಬ್ಬಿಸಿದ್ದು. ನಮ್ಮ ಕಡೆ ಅದು ಸಿಗುವುದಿಲ್ಲ. ಲಿಂಗಸುಗೂರಿನ ಗೆಳೆಯನೊಬ್ಬ ಬೆಂಗಳೂರಿಗೆ ಹೋದಾಗಲೆಲ್ಲ ಒಂದು ಬಾಟಲಿ ತಂದಿಡುತ್ತಾನೆ. ನಾನು ಭಾನುವಾರ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಸೈಕಲ್ ತುಳಿದು, ಅದನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಮರಳುತ್ತೇನೆ. ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದ ಮೇಲೆಯೇ ಮುಚ್ಚಳ ತೆಗೆಯುವುದು. ಇದನ್ನು ಸಂಯಮ ಎಂದು ಭಾವಿಸಬೇಡಿ. ಬರೀ ನೀರು ಕುಡಿದೇ ಎರಡು ಸಲ ಕಾಲುವೆಗೆ ಬಿದ್ದವನು ನಾನು.

ಈ ದಾರಿಯ ನಡುವೆ, ಮಸ್ಕಿಯಲ್ಲಿ, ಮಹಬೂಬ್ ಚಾಚಾ ಅವರ ಸೈಕಲ್ ಅಂಗಡಿ ಇದೆ. ನಾನು ಹುಟ್ಟಿ ಬೆಳೆದದ್ದು ಅದರ ಹಿಂದಿನ ಓಣಿಯಲ್ಲಿ. ಆಗ ಅವರಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ಲುಗಳಿದ್ದವು, ಪ್ರತಿಯೊಂದರ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ಸಂಖ್ಯೆ. ನನ್ನದು ಏಳು. ಸೀಟು ನನ್ನ ಎದೆಯವರೆಗೆ ಬರುತ್ತಿದ್ದುದರಿಂದ, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ನೇತಾಡಿಕೊಂಡು ತುಳಿಯುತ್ತಿದ್ದೆ. ದೂರದಿಂದ ನೋಡಿದವರಿಗೆ ಸೈಕಲ್ಲೇ ಒಬ್ಬ ಹುಡುಗನನ್ನು ಕಂಕುಳಲ್ಲಿ ಎತ್ತಿಕೊಂಡು ಓಡುತ್ತಿರುವಂತೆ ಕಾಣುತ್ತಿತ್ತಂತೆ. ಗಂಟೆ ಮುಗಿದ ಮೇಲೂ ನಾನು ಇನ್ನೊಂದು ಸುತ್ತು ಕದಿಯುವವನೆಂದು ಬಲ್ಲ ಚಾಚಾ ರಸ್ತೆಯ ನಡುವೆ ಬಂದು ನಿಂತು, "ಏಳ್ ನಂಬರ್! ಹೊಳ್ಳಿ ಬಾರಲೇ!" ಎಂದು ಕೂಗಿದರೆ, ಗುಡ್ಡದ ಬುಡದಲ್ಲಿದ್ದ ನನಗೂ, ನನ್ನ ಜೊತೆಗೆ ನಾಲ್ಕಾರು ಆಡುಗಳಿಗೂ ಅದು ಕೇಳಿಸಿ ಎಲ್ಲರೂ ಒಟ್ಟಿಗೆ ತಿರುಗುತ್ತಿದ್ದೆವು.

ನನ್ನ ಮೂಗಿಗೆ ಅಕ್ಷರಾಭ್ಯಾಸವಾದದ್ದೂ ಆ ಅಂಗಡಿಯಲ್ಲೇ. ತೇಪೆ ಅಂಟಿಸುವ ಸಲೂಷನ್ನಿನ ಸಿಹಿಗಾರು ವಾಸನೆ, ಬಿಸಿಲಿಗೆ ಕಾದ ರಬ್ಬರು, ಚೈನಿನ ಎಣ್ಣೆ, ಚಾಚಾರ ಕಿವಿಯಲ್ಲಿನ ಅತ್ತರಿನ ಹತ್ತಿ. ಈಗ ಯಾವ ಬಿಯರನ್ನು ಮೂಸಿದರೂ ನಾನು ಮೊದಲು ಹುಡುಕುವುದು ಈ ನಾಲ್ಕರಲ್ಲಿ ಒಂದನ್ನು. ಸಿಗದಿದ್ದರೆ 'ಗಂಧದಲ್ಲಿ ಆಳವಿಲ್ಲ' ಎಂದು ಬರೆದುಬಿಡುತ್ತೇನೆ. ಪಾಪ, ಬೆಂಗಳೂರಿನವರಿಗೆ ಏನು ಗೊತ್ತು, ತಮ್ಮ ಬಿಯರ್ ಮಸ್ಕಿಯ ಪಂಕ್ಚರ್ ಅಂಗಡಿಯ ಜೊತೆ ಸ್ಪರ್ಧೆಗೆ ಇಳಿದಿದೆ ಎಂದು!

ಬಾಡಿಗೆ ಸೈಕಲ್ಲುಗಳ ಕಾಲ ಮುಗಿಯಿತು. ಉಳಿದದ್ದು ಒಂದು ಪಂಪು, ಒಂದು ನೀರಿನ ತೊಟ್ಟಿ, ಚಾಚಾ. ಕಳೆದ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದಾಗಿನಿಂದ ಮಗ ಒಂದೇ ಸಮನೆ ಅಂಗಡಿ ಮುಚ್ಚಿಬಿಡಿ ಎನ್ನುತ್ತಿದ್ದ. ಚಾಚಾ ಅವನಿಗೊಂದು ಕರಾರು ಹಾಕಿದ್ದರು: "ಟ್ಯೂಬಿನಾಗಿನ ತೂತು ನನಗ ಕಾಣದಂಗ ಆತಂದ್ರ, ಆವತ್ತ ಮುಚ್ಚತೀನಿ. ಅಲ್ಲೀತನ ಬಾಯಿ ಮುಚ್ಚು ನೀ." ಈ ಕರಾರನ್ನು ಅವರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ನನಗಂತೂ ಪ್ರತಿ ಭಾನುವಾರ. ಆ ಅಂಗಡಿಯಿಲ್ಲದ ಮಸ್ಕಿಯಲ್ಲಿ ನಾನು ಎಲ್ಲಿ ಸೈಕಲ್ ಇಳಿಯಬೇಕು ಎಂಬ ಯೋಚನೆ ಬಂದರೆ ಮರುಕ್ಷಣ ಬೇರೇನನ್ನಾದರೂ ಯೋಚಿಸುತ್ತಿದ್ದೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು.

ಆ ಭಾನುವಾರದ ಬಾಟಲಿ ತಂತಿಯ ಬಿಗಿಮುಚ್ಚಳದ್ದು. ಮುಚ್ಚಳದ ಕೆಳಗೆ ಉಂಗುರದಂಥ ರಬ್ಬರಿನ ವಾಶರ್. ಲಿಂಗಸುಗೂರಿನಿಂದ ಬರುವಾಗ ಬೇಸಿಗೆಯ ಬಿಸಿಲಿಗೆ ಆ ವಾಶರ್ ಸೀಳಿ, ಬಾಟಲಿ ನನ್ನ ಮೊಣಕಾಲ ಬಳಿ ಬುಸುಗುಡಲು ಶುರುಮಾಡಿತು. ಮಸ್ಕಿ ಮುಟ್ಟುವ ಹೊತ್ತಿಗೆ ನಾನೂ ಅದೂ ಒಂದೇ ಸ್ಥಿತಿಯಲ್ಲಿದ್ದೆವು. ಚಾಚಾ ಮಧ್ಯಾಹ್ನದ ನಮಾಜಿಗೆ ಹೊರಟಿದ್ದರು. "ಬಂದೇನು ಬಸ್ಸ್ಯಾ? ಛಲೋ ಆತು. ಅಂಗಡಿ ನೋಡ್ಕೊ, ಬರತೀನಿ" ಎಂದು ನಡೆದರು. ಸೈಕಲ್ ಅಂಗಡಿಯಲ್ಲಿ ಬೆಳೆದವನಿಗೆ ವಾಶರ್ ಒಂದು ಸಮಸ್ಯೆಯೇ? ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟ್ಯೂಬಿನ ತುಂಡೊಂದನ್ನು ಕತ್ತರಿಸಿ, ಉಂಗುರ ಮಾಡಿ, ಮುಚ್ಚಳಕ್ಕೆ ತೊಡಿಸಿ ಬಿಗಿದೆ. ಬುಸುಗುಡುವುದು ನಿಂತಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಬಾಟಲಿ ತಣ್ಣಗಾಗಲಿ ಎಂದು, ಟ್ಯೂಬು ಅದ್ದಿ ನೋಡುವ ತೊಟ್ಟಿಯ ತಳದಲ್ಲಿ ಅದನ್ನು ಮಲಗಿಸಿ, ಆಚೀಚೆ ಉರುಳದಂತೆ ಒಂದು ಕಲ್ಲು ಹೇರಿದೆ. ಆ ತೊಟ್ಟಿಯ ನೀರು ಎಷ್ಟು ಕಪ್ಪೆಂದರೆ ಒಳಗೆ ಎಮ್ಮೆ ಮಲಗಿದ್ದರೂ ಕಾಣುವುದಿಲ್ಲ. ಚಾಚಾ ಬರುವ ಮೊದಲು ಎತ್ತಿಕೊಂಡರಾಯಿತು ಎಂದು, ಎದುರಿನ ಹೋಟೆಲಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನಲು ಹೋದೆ. ಮಿರ್ಚಿ ಬಿಸಿ ಇತ್ತು. ಎರಡನೆಯ ತಟ್ಟೆ ಇನ್ನೂ ಬಿಸಿ ಇತ್ತು.

ಮರಳಿ ಬಂದಾಗ ಚಾಚಾ ತೊಟ್ಟಿಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಹಾಲು ಮಾರುವ ಹನುಮಣ್ಣ ಖಾಲಿ ಕ್ಯಾನುಗಳ ಸೈಕಲ್ ಹಿಡಿದು ನಿಂತಿದ್ದ. ಅವನ ಟ್ಯೂಬು ಚಾಚಾರ ಕೈಯಲ್ಲಿತ್ತು. ಚಾಚಾ ಅದರ ಒಂದು ಬದಿ ಅದ್ದಿದರು, ಗುಳ್ಳೆ ಎದ್ದವು. ಪೆನ್ಸಿಲ್ಲಿನಿಂದ ಗುರುತು ಹಾಕಿದರು. ಇನ್ನೊಂದು ಬದಿ ಅದ್ದಿದರು, ಗುಳ್ಳೆ. ಮತ್ತೊಂದು, ಗುಳ್ಳೆ. ಅಷ್ಟರಲ್ಲಾಗಲೇ ಮೂರು ತೇಪೆ ಬಿದ್ದಿದ್ದವು.

"ಚಾಚಾ, ಇದು ಟ್ಯೂಬ್ ಐತೋ ಜರಡಿ ಐತೋ?" ಎಂದ ಹನುಮಣ್ಣ. "ಒಂದ ಮುಳ್ಳು ಚುಚ್ಚಿದ್ದು, ನನ್ನ ಕಣ್ಣಾರೆ ನೋಡೀನಿ."

"ಏನೋ ಹುಳಿ ವಾಸನಿ ಬರಾಕತ್ತೈತಿ" ಎಂದರು ಚಾಚಾ. "ನಿನ್ನ ಹಾಲು ಒಡದಾವೇನೋ ನೋಡ."

"ಹಾಲಿನ ಸುದ್ದಿಗೆ ಬರಬ್ಯಾಡ್ರಿ ಮತ್ತ! ಕ್ಯಾನ್ ತೊಳಕೊಂಡು ಬಂದೀನಿ ನಾ."

ಚಾಚಾ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಅದ್ದಿದರು. ಕನ್ನಡಕ ಇನ್ನೊಮ್ಮೆ ತೆಗೆದು, ಈ ಸಲ ಕಣ್ಣನ್ನೇ ಒರೆಸಿಕೊಂಡರು. ನಾನು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ವಾಶರ್ ಸೋರುತ್ತಿದೆ, ತಳದ ಬಾಟಲಿಯಿಂದ ಗುಳ್ಳೆ ಸಾಲುಗಟ್ಟಿ ಏಳುತ್ತಿವೆ, ಟ್ಯೂಬಿನ ಯಾವ ಬದಿ ಅದ್ದಿದರೂ ಅವು ಅಲ್ಲಿಗೇ ಬರುತ್ತಿವೆ ಎಂದು ನನಗೆ ಒಂದೇ ನೋಟಕ್ಕೆ ತಿಳಿಯಿತು. ಬಿಯರಿನ ಬುರುಗಿನ ಬಗ್ಗೆ ಪುಟಗಟ್ಟಲೆ ಬರೆದವನ ಬಾಯಿಂದ ಆ ಕ್ಷಣ ಒಂದು ಮಾತೂ ಹೊರಡಲಿಲ್ಲ. ಈಗಷ್ಟೇ ನಮಾಜು ಮುಗಿಸಿ ಬಂದ ಮನುಷ್ಯನಿಗೆ, ನೀವು ಮೊಣಕೈವರೆಗೆ ಅದ್ದಿರುವುದು ಬಿಯರಿನಲ್ಲಿ ಎಂದು ಹೇಗೆ ಹೇಳುವುದು? ಹೇಳಿದರೆ ಈ ಅಂಗಡಿಯ ಹೊಸ್ತಿಲು ನನ್ನ ಪಾಲಿಗೆ ಮುಗಿಯಿತು. ಹನುಮಣ್ಣ ಹೋಗಲಿ, ಚಾಚಾ ನೀರು ಕುಡಿಯಲು ಒಳಗೆ ಹೋಗಲಿ, ಬಾಟಲಿ ಎತ್ತಿಕೊಂಡು ಓಡಿದರಾಯಿತು: ಇದು ನನ್ನ ವೀರಯೋಜನೆ.

ಚಾಚಾ ಟ್ಯೂಬನ್ನು ಮೆಲ್ಲಗೆ ಸುತ್ತಿ ಹನುಮಣ್ಣನ ಕೈಗೆ ಕೊಟ್ಟರು.

"ಬ್ಯಾರೆ ಕಡೆ ತೋರಸಪಾ."

"ಯಾಕ್ ಚಾಚಾ?"

"ನನಗ ಕಾಣವಲ್ದು."

ಹನುಮಣ್ಣ ಟ್ಯೂಬನ್ನು ಹ್ಯಾಂಡಲಿಗೆ ಸಿಕ್ಕಿಸಿದ. ಸೈಕಲ್ ತಳ್ಳಿಕೊಂಡು ಹೊರಟ. ಚಾಚಾ ಎದ್ದು ಪಂಪನ್ನು ಒಳಗಿಟ್ಟರು. ಟ್ಯೂಬು ಉಜ್ಜುವ ಅರದ ಡಬ್ಬಿ, ಸಲೂಷನ್ನಿನ ಡಬ್ಬಿ, ತೇಪೆಯ ತುಂಡುಗಳು, ಒಂದೊಂದಾಗಿ ಒಳಗೆ ಹೋದವು. ಮಧ್ಯಾಹ್ನದ ಹೊತ್ತಿನಲ್ಲಿ ಆ ಪಂಪು ಒಳಗೆ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಾಲ್ಯದಲ್ಲಿ ಆ ಪಂಪಿನ ಮೇಲೆ ನಾವು ನಾಲ್ವರು ಒಟ್ಟಿಗೆ ಹೊಟ್ಟೆ ಊರಿ ಜಿಗಿದರೂ ಒಂದು ಗಾಲಿಗೆ ಗಾಳಿ ತುಂಬುತ್ತಿರಲಿಲ್ಲ, ಚಾಚಾ ಒಂದೇ ಕೈಯಲ್ಲಿ ತುಂಬುತ್ತಿದ್ದರು.

"ಚಾಚಾ" ಎಂದೆ. "ಕಣ್ಣು ನಿಮ್ಮವು ಛಲೋ ಅದಾವ."

"ನೀ ಡಾಕ್ಟರ್ ಯಾವಾಗ ಆದೆಲೇ?"

"ತೊಟ್ಟಿ ಒಳಗ ಬಾಟ್ಲಿ ಐತ್ರಿ."

"ಎಂಥಾ ಬಾಟ್ಲಿ?"

ಉತ್ತರ ಕೊಡುವ ಬದಲು ನಾನು ಕೈ ಹಾಕಿ ಎತ್ತಿದೆ. ಸಾಕ್ಸ್ ತೊಟ್ಟ ಬಾಟಲಿ, ಕಪ್ಪು ನೀರು ಸುರಿಸುತ್ತ, ಬುಸುಗುಡುತ್ತ, ಮುಳುಗಿ ಸತ್ತವನ ಕಾಲಿನಂತೆ ಮೇಲೆ ಬಂತು. ಬಿಯರ್ ಎಂಬ ಶಬ್ದ ನನ್ನ ಬಾಯಲ್ಲಿ ಅಷ್ಟು ಸಣ್ಣದಾಗಿ ಎಂದೂ ಹೊರಟಿರಲಿಲ್ಲ.

ಚಾಚಾ ತಮ್ಮ ಕೈಗಳನ್ನು ನೋಡಿಕೊಂಡರು. ನನ್ನನ್ನು ನೋಡಿದರು. "ಯಾ ಅಲ್ಲಾ" ಎಂದಷ್ಟೇ ಹೇಳಿ, ನಲ್ಲಿಯ ಬಳಿ ಹೋಗಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದರು, ಮತ್ತೆ ಹಚ್ಚಿ ತೊಳೆದರು. ಅಷ್ಟು ಹೊತ್ತೂ ಒಂದು ಬೈಗುಳವಿಲ್ಲ. ಬೈದಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದೆ.

ತಿರುಗಿ ಬಂದು, "ಆ ವಾಶರ್ ತಗದು ಕೊಡು" ಎಂದರು. ಬಾಟಲಿ ಮುಟ್ಟಲಿಲ್ಲ. ನಾನು ಉಂಗುರವನ್ನು ಬಿಡಿಸಿ, ತೊಳೆದು ಕೊಟ್ಟೆ. ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬಿಸಿಲಿಗೆ ಹಿಡಿದರು. ಕನ್ನಡಕವನ್ನು ಹಣೆಗೇರಿಸಿದರು.

"ಇಲ್ನೋಡ. ಒಂದ್ ತೂತು. ಸೂಜಿ ಮೊನಿ ಅಷ್ಟ ಐತಿ. ಕಾಣತೈತೇನು?"

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ಕಾಣಲಿಲ್ಲ.

"ಕಾಣೋದಿಲ್ರಿ."

"ನನಗ ಕಾಣಾಕತ್ತೈತಿ!" ಎಂದರು ಚಾಚಾ. ಇನ್ನೊಮ್ಮೆ ಹಿಗ್ಗಿಸಿ ನೋಡಿದರು. "ಪಂಕ್ಚರ್ ಟ್ಯೂಬಿನ್ ತುಂಡು ತಗೊಂಡು ವಾಶರ್ ಮಾಡ್ಯಾನಂತ! ಲೇ ಹುಚ್ಚಪ್ಯಾಲಿ, ತೂತಿದ್ದ ತುಂಡು ಅಂತನ ನಾ ಮೂಲ್ಯಾಗ ಒಗದಿದ್ದು!" ಆಮೇಲೆ ಬೈಗುಳ ಬಂತು, ಕನ್ನಡದಲ್ಲಿ ಅರ್ಧ, ದಖ್ಖನಿಯಲ್ಲಿ ಅರ್ಧ, ನನ್ನ ಏಳನೆಯ ವಯಸ್ಸಿನ ಅಪರಾಧಗಳಿಂದ ಹಿಡಿದು. ನಡುವೆಯೇ ರಸ್ತೆಗೆ ಹಾರಿ, ದೂರದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನಿಗೆ, "ಏ ಹನುಮಣ್ಣಾ! ಹೊಳ್ಳಿ ಬಾರಪೋ!" ಎಂದು ಕೂಗಿದರು. ಹನುಮಣ್ಣನ ಜೊತೆಗೆ ನಾನೂ ಬೆಚ್ಚಿ ತಿರುಗಿದೆ.

ಆ ಬಿಯರಿನ ರುಚಿ ನನಗೆ ತಿಳಿಯದು. ಅದು ಮಸ್ಕಿಯ ಚರಂಡಿಗೆ ಅರ್ಪಿತವಾಯಿತು. ಆದ್ದರಿಂದ ಆ ವಾರ ವಿಮರ್ಶೆಯೂ ಇಲ್ಲ.

"ತೊಟ್ಟಿ ತೊಳಿ, ಮೂರು ಸಲ" ಎಂದರು ಚಾಚಾ, ಪಂಪು ಹೊರಗೆ ತಂದಿಡುತ್ತ. "ಇನ್ನೊಮ್ಮೆ ಅಂಥಾದ್ದು ಈ ಓಣ್ಯಾಗ ತಂದೀ ಅಂದ್ರ ಕಾಲು ಮುರೀತೀನಿ." ನಾನು ತಲೆ ತಗ್ಗಿಸಿ ತೊಳೆದೆ. ಒಮ್ಮೆ, ಎರಡು ಸಲ, ಮೂರನೆಯ ಸಲವೂ. ಹೊಸ ನೀರು ತುಂಬಿದಾಗ, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಆ ತೊಟ್ಟಿಯ ತಳ ಕಂಡಿತು. ಚಾಚಾ ಹನುಮಣ್ಣನ ಟ್ಯೂಬಿನ ಮೇಲೆ ಬಗ್ಗಿದ್ದರು. ನನ್ನ ಕಡೆ ಬೆನ್ನು. ಇನ್ನು ಇಲ್ಲಿ ನನಗೇನು ಕೆಲಸ ಎಂದುಕೊಂಡು ಸದ್ದಿಲ್ಲದೆ ಹೊಸ್ತಿಲು ಇಳಿದೆ.

"ಎಲ್ಲಿಗ್ ಹೊಂಟೀಲೇ? ಹಿಂದಿನ ಗಾಲಿ ಗಾಳಿ ಇಳದೈತಿ. ಇತ್ಲಾಗ ತಾ."

ನಾನು ತಿರುಗಿ ಸೈಕಲ್ಲನ್ನು ನೋಡಿದೆ. ರಸ್ತೆಯಾಚೆ ಬೇವಿನ ಮರಕ್ಕೆ ಒರಗಿಸಿದ್ದೆ. ಬಾಗಿ, ಹೆಬ್ಬೆರಳಿನಿಂದ ಒತ್ತಿ ನೋಡಿದ ಮೇಲಷ್ಟೇ ನನಗೆ ತಿಳಿದದ್ದು: ಇಳಿದಿತ್ತು.